ಒಂದು ಪ್ರಮೇಯಕ್ಕೆ ಹತ್ತು ಗಂಟೆ: ಗಣಿತ ಶಿಕ್ಷಕರು ಜಿಯೋಜೀಬ್ರಾ ಕಲಿಯುವ ಬಗೆ

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು. ಸರ್ಕಾರದ ದೀಕ್ಷಾ ಕಲಿಕಾ ಆ್ಯಪ್‌ನ ಕೋರ್ಸುಗಳು, ನಿಷ್ಠಾ ಎಂಬ ರಾಷ್ಟ್ರೀಯ ಶಿಕ್ಷಕ ತರಬೇತಿಯ ಮಾಡ್ಯೂಲುಗಳು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತು ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ತರಬೇತಿಗಳು ಸೇರಿದರೆ ಈ ಲೆಕ್ಕ ತುಂಬುವುದು ಕಷ್ಟವಲ್ಲ. ಆದರೆ ಎರಡು ದಿನದಲ್ಲಿ ಆರು ತಂತ್ರಾಂಶಗಳ ಪರಿಚಯ ಮಾಡಿಸುವ ತರಬೇತಿಯಿಂದ ತರಗತಿಗೆ ಬರುವುದು ತೀರಾ ಕಡಿಮೆ. ಮೆನು ಎಲ್ಲಿದೆ, ಬಟನ್ ಯಾವುದು ಎಂಬುದು ಒಂದು ವಾರದಲ್ಲಿ ಮರೆತುಹೋಗುತ್ತದೆ. ಆ 50ರಲ್ಲಿ ಹತ್ತು ಗಂಟೆಯನ್ನು ಒಂದೇ ತಂತ್ರಾಂಶಕ್ಕೆ, ಅದರಲ್ಲೂ ಒಂದೇ ಪಾಠಕ್ಕೆ ಮೀಸಲಿಡಿ ಎಂಬುದು ನನ್ನ ಒತ್ತಾಯ. ಗಣಿತದವರಿಗೆ ಆ ತಂತ್ರಾಂಶ ಜ್ಯಾಮಿತಿಯ ಚಿತ್ರಗಳನ್ನು ಪರದೆಯ ಮೇಲೆ ಕಟ್ಟಿ, ಎಳೆದು ನೋಡಲು ಬರುವ ಜಿಯೋಜೀಬ್ರಾ, ಪಾಠ ಒಂಬತ್ತನೇ ತರಗತಿಯ ವೃತ್ತಗಳು.

ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಶಾಲೆಯ ಕಂಪ್ಯೂಟರ್ ಹಳೆಯದಾಗಿದ್ದರೆ ಕ್ಲಾಸಿಕ್ 5 ಆವೃತ್ತಿಯನ್ನೇ ಹಾಕಿಸಿ. ಕ್ಲಾಸಿಕ್ 6 ನೋಡಲು ಚೆಂದ, ಆದರೆ 2 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಬಿಂದುವನ್ನು ಎಳೆದಾಗ ಚಿತ್ರ ತಡೆತಡೆದು ಚಲಿಸುತ್ತದೆ. ಬಿಂದು ಸರಾಗವಾಗಿ ಚಲಿಸದಿದ್ದರೆ ಈ ಪಾಠಕ್ಕೆ ಅರ್ಥವೇ ಇಲ್ಲ. ಇನ್‌ಸ್ಟಾಲರ್ ಕಡತವನ್ನು ಒಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಮುಂದೆ ಇಂಟರ್ನೆಟ್ ಬೇಕಾಗುವುದಿಲ್ಲ.

ಇನ್ನು ಪ್ರಮೇಯ. ಒಂದು ಕಂಸವು ವೃತ್ತಕೇಂದ್ರದಲ್ಲಿ ಉಂಟುಮಾಡುವ ಕೋನವು, ಅದೇ ಕಂಸವು ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಉಂಟುಮಾಡುವ ಕೋನದ ಎರಡರಷ್ಟು. ಇದನ್ನೇ ಆರಿಸಲು ಕಾರಣ 'ಯಾವುದೇ ಬಿಂದು' ಎಂಬ ಮಾತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಿಂದು ಇಡಬಹುದು, ಹೆಚ್ಚೆಂದರೆ ಮೂರು. ಬಿಂದು ವೃತ್ತದ ಮೇಲೆ ಓಡಾಡುತ್ತಿದ್ದರೂ ಕೋನ ಕದಲದೆ ನಿಲ್ಲುವುದನ್ನು ಹಲಗೆ ತೋರಿಸಲಾರದು. ಹಲಗೆಯಲ್ಲೇ ಚೆನ್ನಾಗಿ ಆಗುವ ಕೆಲಸಕ್ಕೆ ಪ್ರೊಜೆಕ್ಟರ್ ಹಚ್ಚುವುದು ಸಮಯ ಹಾಳು.

ಕಡತ ಕಟ್ಟುವ ಕ್ರಮ ಹೀಗೆ. ಮೊದಲು ವ್ಯೂ ಮೆನುವಿನಲ್ಲಿ ಅಕ್ಷಗಳನ್ನೂ ಗ್ರಿಡ್ಡನ್ನೂ ತೆಗೆಯಿರಿ. ಪಾಯಿಂಟ್ ಉಪಕರಣದಿಂದ ಒಂದು ಬಿಂದು ಇಟ್ಟು, ರೈಟ್ ಕ್ಲಿಕ್ ಮಾಡಿ ಅದಕ್ಕೆ ಓ ಎಂದು ಹೆಸರು ಬದಲಿಸಿ. ಈಗಲೇ ಬದಲಿಸದಿದ್ದರೆ ಕೇಂದ್ರಕ್ಕೆ ಎ ಎಂಬ ಹೆಸರು ಕೂತು, ಮುಂದಿನ ಹೆಸರುಗಳೆಲ್ಲ ಪಠ್ಯಪುಸ್ತಕದ ಚಿತ್ರಕ್ಕೆ ಹೊಂದದೆ ಹೋಗುತ್ತವೆ. ನಂತರ 'ಸರ್ಕಲ್ ವಿತ್ ಸೆಂಟರ್ ಥ್ರೂ ಪಾಯಿಂಟ್' ಆರಿಸಿ, ಓ ಮೇಲೊಮ್ಮೆ ಮತ್ತು ಸ್ವಲ್ಪ ದೂರದಲ್ಲೊಮ್ಮೆ ಕ್ಲಿಕ್ ಮಾಡಿದರೆ ವೃತ್ತವೂ ಎ ಬಿಂದುವೂ ಬರುತ್ತವೆ.

ಇಲ್ಲಿ ಬಹಳ ಮಂದಿ ಬಿ ಬಿಂದುವನ್ನೂ ಕೈಯಿಂದಲೇ ವೃತ್ತದ ಮೇಲೆ ಇಟ್ಟುಬಿಡುತ್ತಾರೆ. ಆಗ ಪರದೆಯ ಮೇಲೆ 37.35 ಮತ್ತು 74.69 ಎಂಬಂಥ ಸಂಖ್ಯೆಗಳು ಬರುತ್ತವೆ. ಮುಂದಿನ ಬೆಂಚಿನ ಹುಡುಗಿ ಎರಡರಿಂದ ಗುಣಿಸಿ, 74.70 ಬರಬೇಕಿತ್ತಲ್ಲ ಎಂದು ಕೇಳಿಯೇ ಕೇಳುತ್ತಾಳೆ, ಮತ್ತು ಅವಳ ಪ್ರಶ್ನೆ ಸರಿಯಾಗಿದೆ. ನಿಜವಾದ ಕೋನ 37.346 ಆಗಿದ್ದರೆ ಅದರ ಎರಡರಷ್ಟು 74.692, ತಂತ್ರಾಂಶ ಎರಡನ್ನೂ ಬೇರೆಬೇರೆಯಾಗಿ ಎರಡು ದಶಮಾಂಶ ಸ್ಥಾನಕ್ಕೆ ಅಂದಾಜಿಸುವುದರಿಂದ ಈ ವ್ಯತ್ಯಾಸ. ಇದನ್ನು ತಪ್ಪಿಸಲು ಸ್ಲೈಡರ್, ಅಂದರೆ ಎಳೆದು ಬೆಲೆ ಬದಲಿಸುವ ಪಟ್ಟಿ, ಬಳಸಬೇಕು. ಸ್ಲೈಡರ್ ಉಪಕರಣ ಆರಿಸಿ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಆ್ಯಂಗಲ್ ಎಂಬುದನ್ನು ಗುರುತಿಸಿ. ಕನಿಷ್ಠ 2 ಡಿಗ್ರಿ, ಗರಿಷ್ಠ 358 ಡಿಗ್ರಿ, ಇನ್‌ಕ್ರಿಮೆಂಟ್ 2 ಡಿಗ್ರಿ ಕೊಡಿ. ಹೆಸರು ಆಲ್ಫಾ ಎಂದೇ ಇರಲಿ. ಕೇಂದ್ರದ ಕೋನ ಸದಾ ಸಮಸಂಖ್ಯೆಯಾದರೆ ಪರಿಧಿಯ ಕೋನ ಸದಾ ಪೂರ್ಣಸಂಖ್ಯೆ.

ಈಗ 'ಆ್ಯಂಗಲ್ ವಿತ್ ಗಿವನ್ ಸೈಜ್' ತೆಗೆದುಕೊಂಡು ಮೊದಲು ಎ, ಆಮೇಲೆ ಓ ಕ್ಲಿಕ್ ಮಾಡಿ, ಬರುವ ಪೆಟ್ಟಿಗೆಯಲ್ಲಿ ಆಲ್ಫಾ ಕೊಟ್ಟು, ಅಪ್ರದಕ್ಷಿಣ ದಿಕ್ಕನ್ನು ಹಾಗೇ ಬಿಡಿ. ವೃತ್ತದ ಮೇಲೆ ಹೊಸ ಬಿಂದು ಹುಟ್ಟುತ್ತದೆ. ಅದಕ್ಕೆ ಬಿ ಎಂದು ಹೆಸರಿಡಿ. ಕೇಂದ್ರದ ಕೋನವೂ ಜೊತೆಗೇ ಗುರುತಾಗುತ್ತದೆ. 'ಪಾಯಿಂಟ್ ಆನ್ ಆಬ್ಜೆಕ್ಟ್' ಬಳಸಿ ವೃತ್ತದ ರೇಖೆಯ ಮೇಲೆ ಸಿ ಇಡಿ. ಸಿಯನ್ನು ಎಳೆದು ನೋಡಿ: ವೃತ್ತ ಬಿಟ್ಟು ಹೊರಗೆ ಬಂದರೆ ಅದು ಅಂಟಿಲ್ಲ, ಅಳಿಸಿ ಮತ್ತೆ ಇಡಬೇಕು. ರೇಖಾಖಂಡಗಳು ನಾಲ್ಕು: ಓಎ, ಓಬಿ, ಸಿಎ, ಸಿಬಿ. ಕೊನೆಗೆ ಆ್ಯಂಗಲ್ ಉಪಕರಣದಿಂದ ಎ, ಸಿ, ಬಿ ಇದೇ ಕ್ರಮದಲ್ಲಿ ಕ್ಲಿಕ್ ಮಾಡಿ. ಜಿಯೋಜೀಬ್ರಾ ಕೋನವನ್ನು ಅಪ್ರದಕ್ಷಿಣವಾಗಿ ಅಳೆಯುತ್ತದೆ. ಆಲ್ಫಾ 100 ಇದ್ದಾಗ ಕ್ರಮ ತಿರುಗಿಸಿದರೆ 50ರ ಬದಲು 310 ಬರುತ್ತದೆ.

ಆಲ್ಫಾವನ್ನು 100ಕ್ಕೆ ನಿಲ್ಲಿಸಿ ಸಿಯನ್ನು ಅಧಿಕಕಂಸದ (ಎ, ಬಿ ನಡುವಿನ ದೊಡ್ಡ ಕಂಸ) ಮೇಲೆ ಓಡಾಡಿಸಿ. ಎಲ್ಲೇ ಹೋದರೂ 50. ಬಹುಪಾಲು ಪ್ರಾತ್ಯಕ್ಷಿಕೆಗಳು ಇಲ್ಲಿಗೇ ಮುಗಿಯುತ್ತವೆ, ಮಕ್ಕಳು ಮಾತ್ರ ನಿಲ್ಲುವುದಿಲ್ಲ. ಮೌಸ್ ಕೈಗೆ ಬಂದ ತಕ್ಷಣ ಸಿಯನ್ನು ಎ ದಾಟಿಸಿ ಲಘುಕಂಸದ ಮೇಲೆ ತರುತ್ತಾರೆ. ಆಗ 50 ಇದ್ದದ್ದು ಥಟ್ಟನೆ 230 ಆಗುತ್ತದೆ. ಕೋನದ ಪ್ರಾಪರ್ಟೀಸ್ ತೆರೆದು, ಬೇಸಿಕ್ ಎಂಬಲ್ಲಿ ಅಳತೆಯ ವ್ಯಾಪ್ತಿಯನ್ನು 0ಯಿಂದ 180 ಡಿಗ್ರಿ ಎಂದು ಬದಲಿಸಿದರೆ 230ರ ಜಾಗದಲ್ಲಿ 130 ಕಾಣುತ್ತದೆ. ಹಾಗಾದರೂ ಕೇಂದ್ರದಲ್ಲಿ 100, ಪರಿಧಿಯಲ್ಲಿ 130. ಪ್ರಮೇಯವೇ ಸುಳ್ಳಾದಂತೆ ತೋರುತ್ತದೆ.

ತರಗತಿಯ ಅತ್ಯಂತ ಬೆಲೆಬಾಳುವ ಗಳಿಗೆ ಇದು, ಶಿಕ್ಷಕರು ಮೊದಲೇ ಸಿದ್ಧರಾಗಿದ್ದರೆ. ಸಿ ಲಘುಕಂಸಕ್ಕೆ ಬಂದಾಗ ಅದರ ಎದುರಿಗಿರುವುದು ಅಧಿಕಕಂಸ. ಆ ಕಂಸವು ಕೇಂದ್ರದಲ್ಲಿ ಉಂಟುಮಾಡುವುದು ಸರಳಾಧಿಕ ಕೋನ, ಅಂದರೆ 180 ಡಿಗ್ರಿಗಿಂತ ದೊಡ್ಡದು. ಆ್ಯಂಗಲ್ ಉಪಕರಣದಿಂದ ಬಿ, ಓ, ಎ ಎಂದು ತಿರುಗಿಸಿ ಕ್ಲಿಕ್ ಮಾಡಿ ಇನ್ನೊಂದು ಕೋನವನ್ನು ಬೇರೆ ಬಣ್ಣದಲ್ಲಿ ಹಾಕಿ. 260 ಬರುತ್ತದೆ, 130ರ ಸರಿಯಾಗಿ ಎರಡರಷ್ಟು. 50 ಮತ್ತು 130 ಸೇರಿ 180 ಆಗುವುದನ್ನು ಯಾರಾದರೂ ಗಮನಿಸಿದರೆ ಚಕ್ರೀಯ ಚತುರ್ಭುಜದ ಪಾಠಕ್ಕೆ ಬಾಗಿಲು ತೆರೆದಂತೆಯೇ. ಆಲ್ಫಾ 180 ಮಾಡಿದರೆ ಅರ್ಧವೃತ್ತದಲ್ಲಿನ ಲಂಬಕೋನವೂ ಇದೇ ಕಡತದಲ್ಲಿ ಸಿಗುತ್ತದೆ. ತರಬೇತಿಯಲ್ಲಿ ತಯಾರಾದ ಕಡತ ಕೈಗೆ ಬಂದರೆ ಇದ್ಯಾವುದೂ ತಿಳಿಯುವುದಿಲ್ಲ. ತಾನೇ ಕಟ್ಟಿ, ತಾನೇ ಕೆಡಿಸಿ ನೋಡಿದವರಿಗೆ ಮಾತ್ರ ಮಕ್ಕಳ ಮುಂದೆ ಆ 230 ಬಂದಾಗ ಗಾಬರಿಯಾಗುವುದಿಲ್ಲ. ಹತ್ತು ಗಂಟೆ ಕೇಳುವುದು ಇದಕ್ಕೇ.

ಅಳೆದು ನೋಡಿದ್ದು ಪ್ರಮೇಯದ ಸಾಧನೆಯಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಸಿಯಿಂದ ಓ ಮೂಲಕ ಹಾಯುವ ಕಿರಣವೊಂದನ್ನು ಎಳೆದು, ಚೆಕ್‌ಬಾಕ್ಸ್ ಉಪಕರಣದಿಂದ ಅದನ್ನು ಅಡಗಿಸಿಡಿ. ಓಡಾಟ ಮುಗಿದ ಮೇಲೆ ಕಿರಣ ಕಾಣಿಸಿ ಪ್ರೊಜೆಕ್ಟರ್ ಬಿಟ್ಟು ಹಲಗೆಗೆ ಬನ್ನಿ: ತ್ರಿಜ್ಯಗಳು ಸಮವಾದ್ದರಿಂದ ಸಮದ್ವಿಬಾಹು ತ್ರಿಭುಜಗಳು, ಆಮೇಲೆ ಬಾಹ್ಯಕೋನ. ಇಡೀ ಪೀರಿಯಡ್‌ನಲ್ಲಿ ಪರದೆಗೆ ಹನ್ನೆರಡು ನಿಮಿಷ ಸಾಕು. ಸಿಯನ್ನು ಎಳೆಯುವ ಮೊದಲು, ಕೋನ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಹಾಗೇ ಇರುತ್ತದೋ ಎಂದು ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ. ಬರೆಯದೆ ನೋಡಿದವರು 'ಗೊತ್ತಿತ್ತು ಸರ್' ಎನ್ನುತ್ತಾರೆ. ಅವರಿಗೆ ನಿಜವಾಗಿ ಏನು ಗೊತ್ತಿತ್ತು ಎಂದು ಆಮೇಲೆ ತಿಳಿಯಲು ದಾರಿಯಿಲ್ಲ.

ಪರದೆಯ ವಿಚಾರ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುವ ಅಕ್ಷರ ಕೊನೆಯ ಬೆಂಚಿಗೆ ಕಾಣುವುದಿಲ್ಲ. ಆಪ್ಷನ್ಸ್ ಮೆನುವಿನಲ್ಲಿ ಫಾಂಟ್ ಗಾತ್ರ 24 ಅಥವಾ 28, ಪ್ರಾಪರ್ಟೀಸ್‌ನಲ್ಲಿ ರೇಖೆಯ ದಪ್ಪ 6ಕ್ಕಿಂತ ಮೇಲೆ ಇರಲಿ. ಕಿಟಕಿಗೆ ಪರದೆಯಿಲ್ಲದ ಕೋಣೆಯಲ್ಲಿ ಹಳದಿ ಮತ್ತು ತಿಳಿಹಸಿರು ಮಾಯವಾಗುತ್ತವೆ. ಕಡುನೀಲಿ, ಕಡುಗೆಂಪು ಉಳಿಯುತ್ತವೆ. ರೌಂಡಿಂಗ್ 0 ದಶಮಾಂಶಕ್ಕೆ ಇಡಿ. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಇದು: ಪಾಯಿಂಟ್ ಉಪಕರಣ ಆರಿಸಿದ್ದು ಹಾಗೇ ಉಳಿದು, ವಿದ್ಯಾರ್ಥಿ ಎಳೆಯಲು ಹೋದಾಗಲೆಲ್ಲ ಹೊಸ ಬಿಂದು ಬೀಳುತ್ತದೆ. ಎಸ್ಕೇಪ್ ಒತ್ತಿದರೆ ಮೂವ್ ಉಪಕರಣಕ್ಕೆ ಮರಳುತ್ತದೆ, ಬಿದ್ದ ಬಿಂದುಗಳಿಗೆ ಕಂಟ್ರೋಲ್ ಝಡ್. ಮೂಲ ಕಡತದ ಇನ್ನೊಂದು ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಂಡೇ ತರಗತಿಗೆ ಹೋಗಿ. ಕರೆಂಟು ಹೋಗುವ ಊರಾದರೆ ಆಲ್ಫಾ 100, 180, 260 ಇರುವ ಮೂರು ಚಿತ್ರಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ. ಕೋನಮಾಪಕ ಹಿಡಿದು ಮಕ್ಕಳು ಅಳೆಯಬಹುದು.

ಕನ್ನಡ ಅಕ್ಷರಗಳ ತೊಂದರೆಗೆ ಕಾರಣ ಬಹುಪಾಲು ಹಳೆಯ ನುಡಿ ಫಾಂಟು. ಯೂನಿಕೋಡ್ ಅಲ್ಲದ ನುಡಿಯಲ್ಲಿ ಟೈಪಿಸಿದ ಸೂಚನೆ ಆ ಫಾಂಟಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಕೀಲಿಮಣೆ ವಿನ್ಯಾಸ ಅದೇ ಇರಲಿ, ನುಡಿಯಲ್ಲಿ ಯೂನಿಕೋಡ್ ಆರಿಸಿಕೊಂಡು ಟೈಪಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಓದಿ ನೋಡಬೇಕು.

ವಿಜ್ಞಾನದವರು ಇದೇ ಹತ್ತು ಗಂಟೆಯನ್ನು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಿಗೆ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳಿಗೆ, ಕೊಡಬಹುದು. ಹಲವು ಕನ್ನಡದಲ್ಲೂ ಇವೆ. ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಂಡರೆ ಬ್ರೌಸರಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತವೆ.

ಕಡತ ಸಿದ್ಧವಾದ ಮೇಲೆ ಕ್ಲಸ್ಟರ್ ಸಮಾಲೋಚನಾ ಸಭೆಗೆ (ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆ) ಒಯ್ಯಿರಿ. ತೋರಿಸಿ ಮುಗಿಸಬೇಡಿ, ಮೌಸ್ ಸಹೋದ್ಯೋಗಿಯ ಕೈಗೆ ಕೊಟ್ಟು, ಖಾಲಿ ಪುಟದಿಂದ ಕಟ್ಟಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ನಿಮ್ಮ ಸೂಚನೆ ತಿದ್ದಬೇಕು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ಜಿಯೋಜೀಬ್ರಾಕ್ಕೆ ಕನ್ನಡ ಪುಟಗಳಿವೆ, ಮೊದಲು ಅದನ್ನು ನೋಡಿ. ವಾಟ್ಸ್ಆ್ಯಪ್‌ನಲ್ಲಿ ಹಂಚುವಾಗ ಸ್ಕ್ರೀನ್‌ಶಾಟ್ ಕಳಿಸಿದರೆ ಬಿಂದು ಎಳೆಯಲು ಆಗುವುದಿಲ್ಲ. ಡಾಕ್ಯುಮೆಂಟ್ ಎಂದು ಆರಿಸಿ ಜಿಯೋಜೀಬ್ರಾ ಉಳಿಸಿದ ಜಿಜಿಬಿ ಕಡತವನ್ನೇ ಕಳಿಸಿ, ಅದರ ಹೆಸರಿನಲ್ಲಿ ತರಗತಿ, ಪಾಠ, ತಿಂಗಳು ಇರಲಿ. ಫೋನಿನಲ್ಲಿ ತೆರೆಯುವವರು ಮೊದಲು ಜಿಯೋಜೀಬ್ರಾ ಆ್ಯಪ್ ಹಾಕಿಕೊಂಡಿರಬೇಕು, ಇಲ್ಲವಾದರೆ ಕಡತ ತೆರೆಯುವುದಿಲ್ಲ ಎಂದು ಗುಂಪಿನಲ್ಲಿ ದೂರು ಬರುತ್ತದೆ. ಆ ಒಂದು ಸಾಲನ್ನೂ ಕಡತದ ಜೊತೆಗೇ ಬರೆದು ಕಳಿಸಿ.