ಹುಲ್ಲಿದೆ, ಕೊಯ್ಯೋರಿಲ್ಲ

ನೇಪಾಳದ ಧುಲಿಖೇಲ್‌ಗೆ ಹೋಗಿದ್ದು ಹಿಮಶಿಖರ ನೋಡಲು. ಎರಡು ದಿನ ಮೋಡ ಕದಲಲಿಲ್ಲ. 'ಹಿಮಾಲಯ ಕಾಣುವ ರೂಮು' ಅಂತ ಜಾಸ್ತಿ ಬಾಡಿಗೆ ಕಿತ್ತ ಹೋಟೆಲಿನ ಕಿಟಕಿಯಲ್ಲಿ ಬರೀ ಮಂಜು. ಮೂರನೇ ದಿನ ಬೇಸತ್ತು ನಮೋಬುದ್ಧ ಎನ್ನುವ ಬೌದ್ಧ ಕ್ಷೇತ್ರದ ಕಡೆ ನಡೆದೆ.

ದಾರಿಯಲ್ಲಿ ಪೈನ್ ಕಾಡು. ಉದುರಿದ ಸೂಜಿಯೆಲೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಹತ್ತು ಅಡಿ ಕುಂಡೆಯ ಮೇಲೇ ಇಳಿದೆ! ಹೋಗುವವರು ಸವೆದ ಬೂಟು ಮನೆಯಲ್ಲೇ ಬಿಟ್ಟು ಹೋಗಿ. ನನ್ನ ಒಂದು ಒಳ್ಳೆ ಪ್ಯಾಂಟು ಹಾಳಾಯಿತು.

ಮೇಲಿಂದ ಯಾರೋ ನಕ್ಕರು. ಅರವತ್ತರ ಆಸುಪಾಸಿನ ಹೆಂಗಸು, ಬೆನ್ನಿಗೆ ಡೋಕೊ ಎನ್ನುವ ಬಿದಿರು ಬುಟ್ಟಿ, ಅದರ ಪಟ್ಟಿ ಹಣೆಗೆ. ಗಂಡ ದೆಹಲಿಯಲ್ಲಿ ದುಡಿಯುತ್ತಿದ್ದಾಗ ಹಿಂದಿ ಕಲಿತರಂತೆ. ನಾನು ದೀದಿ ಅಂದೆ, ಅವರು ಭಾಯಿ ಅಂದರು. ಅಲ್ಲೇ ಒಂದು ಗಂಟೆ ಕೂತೆವು.

"ನಾನು ಮದುವೆಯಾಗಿ ಬಂದಾಗ ಈ ಗುಡ್ಡ ಬೋಳು."

1957ರಲ್ಲಿ ಸರ್ಕಾರ ಕಾಡನ್ನೆಲ್ಲ ತನ್ನದು ಮಾಡಿಕೊಂಡಿತ್ತು. ನಮ್ಮದಲ್ಲದ ಮೇಲೆ ಕಾಯುವವರು ಯಾರು? 1993ರ ಕಾನೂನು ಅದನ್ನು ಊರವರ ಬಳಕೆದಾರ ಗುಂಪುಗಳ ಕೈಗೆ ಕೊಟ್ಟಿತು. ಈಗ ದೇಶದಲ್ಲಿ ಅಂಥವು 22,000ಕ್ಕೂ ಹೆಚ್ಚು. ದೀದಿಯ ಗುಂಪಿನಲ್ಲಿ ಸರದಿಯ ಮೇಲೆ ಕಾವಲು, ಚಳಿಗಾಲದಲ್ಲಿ ಕೆಲವೇ ದಿನ ಸೌದೆ, ಕದ್ದು ಕಡಿದರೆ ದಂಡ. ನಮ್ಮ ಮಲೆನಾಡಿನ ಸೊಪ್ಪಿನಬೆಟ್ಟ ನೆನಪಾಯಿತು. ಅದು ಅಡಿಕೆ ತೋಟದವರಿಗೆ ಬಿಟ್ಟ ಬೆಟ್ಟ. ಇದು ತೋಟ ಇಲ್ಲದವರಿಗೂ ಸೇರಿದ್ದು. ನನಗೆ ಇದೇ ಸರಿ ಅನ್ನಿಸಿತು.

ಪೈನ್ ಬುಡದಲ್ಲಿ ಎಳೆ ಗಿಡಗಳು. "ಚಿಲಾವ್ನೆ, ಕಟುಸ್. ಇವನ್ನು ನಾವು ನೆಟ್ಟಿಲ್ಲ. ನೆರಳು ಸಿಕ್ಕಿತು, ತಾವೇ ಬಂದವು." ಮಕ್ಕಳ ತಲೆ ಸವರಿದ ಹಾಗೆ ಎಲೆ ಮುಟ್ಟಿದರು.

"ಹಾಗಾದ್ರೆ ಖುಷಿ ಅಲ್ವಾ ದೀದಿ?"

"ಖುಷಿಯೇ. ಆಗ ಒಂದು ಹೊರೆ ಹುಲ್ಲಿಗೆ ಜಗಳ ಆಡ್ತಿದ್ವಿ. ಈಗ ಹುಲ್ಲಿದೆ, ಕೊಯ್ಯೋರಿಲ್ಲ."

ದೊಡ್ಡ ಮಗ ಕತಾರ್‌ನಲ್ಲಿ, ಚಿಕ್ಕವನು ಮಲೇಷ್ಯಾದಲ್ಲಿ. ಎಮ್ಮೆ ಮಾರಿದ್ದಾರೆ. ಮೇಲಿನ ಗದ್ದೆ ಬೀಳು ಬಿಟ್ಟಿದ್ದಾರೆ, ಅಲ್ಲೂ ಮರ ಎದ್ದಿದೆ. ಮೆಕ್ಕೆಜೋಳಕ್ಕೆ ಮಂಗ. ಹೋದ ವರ್ಷ ಕೊಟ್ಟಿಗೆಯಿಂದಲೇ ಚಿರತೆ ಮೇಕೆ ಒಯ್ಯಿತು. ಉಳಿದಿರುವುದು ಒಂದೇ ಮೇಕೆ. ಬುಟ್ಟಿಯ ಸೊಪ್ಪು ಅದಕ್ಕೆ.

ಏಳುವಾಗ ಕೇಳಿದರು, ಹೋಟೆಲಿಗೆ ಎಷ್ಟು ಕೊಡ್ತಿದೀಯ ಅಂತ. ಹೇಳಿದೆ. ನಾನು ಜಾರಿ ಬಿದ್ದಾಗಲೂ ಅಷ್ಟು ನಕ್ಕಿರಲಿಲ್ಲ.