ಹೊಟ್ಟೆ ತೆರೆಯುವ ಮುನ್ನ 22, ತೆರೆದ ಮೇಲೆ 32

ರಾತ್ರಿ ಹನ್ನೊಂದಕ್ಕೆ ಬಂದ ರೋಗಿಗೆ 54 ವರ್ಷ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ನಾಡಿ 128, ಬಿಪಿ 86/54. ಕೂರಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆಯ ನಡುವಿನ ಪರದೆ) ಕೆಳಗೆ ಗಾಳಿ ಕಾಣುತ್ತಿತ್ತು, ಎಂದರೆ ಒಳಗೆಲ್ಲೋ ತೂತು ಬಿದ್ದಿದೆ. ಎರಡು ವಾರದ ಜ್ವರ ಬೇರೆ ಇದ್ದುದರಿಂದ ಟೈಫಾಯ್ಡ್‌ಗೆ ಸಣ್ಣ ಕರುಳು ತೂತಾಗಿರಬೇಕೆಂಬ ಗುಮಾನಿ.

ನೋವು ಯಾವಾಗ ಶುರುವಾಯ್ತು ಎಂದರೆ "ಇವತ್ತು ಬೆಳಿಗ್ಗೆ ಸಾರ್" ಎಂದರು. ಕೊನೆಯ ಊಟ ಯಾವಾಗ ಎಂದು ಹೆಂಡತಿಯನ್ನು ಕೇಳಿದಾಗ ನಿಜವಾದ ಗಡಿಯಾರ ಸಿಕ್ಕಿತು: "ಮೊನ್ನೆಯಿಂದ್ಲೇ ಊಟ ಬಿಟ್ಟವ್ರೆ. ನಿನ್ನೆ ಮುಂಜಾನೆ ಜೋರಾಗಿ ಕೂಗ್ಕೊಂಡ್ರು. ಇಂಜೆಕ್ಷನ್ ಕೊಡಿಸಿದ್ಮೇಲೆ ಸುಮ್ಮನಾದ್ರು." ಅಂದರೆ ತೂತು ಬಿದ್ದು ಹತ್ತಿರಹತ್ತಿರ 40 ಗಂಟೆ. ನೋವು ತಗ್ಗಿದಾಗ ವಾಸಿಯಾಯಿತೆಂದು ಮನೆಯವರು ಕಾಯುತ್ತಾರೆ, ಒಳಗೆ ಸೋಂಕು ಹರಡುತ್ತಲೇ ಇರುತ್ತದೆ.

ಇಂಥವರಲ್ಲಿ ಸಾವಿನ ಅಪಾಯದ ಲೆಕ್ಕ ಸುಲಭವಾಗಿ ಸಿಗುವುದು ಜರ್ಮನಿಯ ಮ್ಯಾನ್‌ಹೈಮ್ ಸೂಚ್ಯಂಕದಿಂದ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ವಯಸ್ಸು 50 ದಾಟಿದ್ದಕ್ಕೆ 5. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 2.4 ಇತ್ತು, ಅದು ಅಂಗವೈಫಲ್ಯ, 7. ಆಪರೇಷನ್‌ಗೆ ಮುನ್ನ 24 ಗಂಟೆ ಮೀರಿದ್ದಕ್ಕೆ 4. ಹೊಟ್ಟೆಯ ತುಂಬ ಹರಡಿದ ಸೋಂಕಿಗೆ 6. ಒಟ್ಟು 22. "ಇವತ್ತು ಬೆಳಿಗ್ಗೆ" ಎಂಬುದನ್ನೇ ಬರೆದುಕೊಂಡಿದ್ದರೆ 18 ಆಗುತ್ತಿತ್ತು.

1994ರಲ್ಲಿ ಯುರೋಪಿನ ಏಳು ಕೇಂದ್ರಗಳ 2003 ರೋಗಿಗಳ ಲೆಕ್ಕ ಪ್ರಕಟವಾಯಿತು: 21ಕ್ಕಿಂತ ಕಡಿಮೆ ಅಂಕದವರಲ್ಲಿ ಸಾವು ಶೇ. 2ರ ಆಸುಪಾಸು, 21ರಿಂದ 29ರವರೆಗೆ ಶೇ. 22, ಅದರ ಮೇಲೆ ಶೇ. 59. ಇದು ಗುಂಪಿನ ಲೆಕ್ಕ. ಎದುರಿಗಿರುವ ಒಬ್ಬರು ಉಳಿಯುತ್ತಾರೋ ಇಲ್ಲವೋ ಎಂದು ಅದು ಹೇಳಲಾರದು. ಆಪರೇಷನ್ ಮೇಜಿನ ಬಳಿ ಯಾರು ನಿಲ್ಲಬೇಕು, ಐಸಿಯು ಹಾಸಿಗೆ ಈಗಲೇ ಬೇಕೇ ಎಂಬುದನ್ನಂತೂ ಹೇಳುತ್ತದೆ. ಇಂಗ್ಲೆಂಡ್-ವೇಲ್ಸ್‌ನ ತುರ್ತು ಲ್ಯಾಪರಾಟಮಿ (ಹೊಟ್ಟೆ ತೆರೆಯುವ ಆಪರೇಷನ್) ಆಡಿಟ್‌ನಲ್ಲಿ ಸಾವಿನ ಅಂದಾಜು ಶೇ. 5 ಮುಟ್ಟಿದರೇ ಹಿರಿಯ ಸರ್ಜನ್, ಹಿರಿಯ ಅರಿವಳಿಕೆ ತಜ್ಞ ಇಬ್ಬರೂ ಇರಬೇಕು. ನಮ್ಮಲ್ಲೂ ಇದು ರೂಢಿಯಾಗಬೇಕು.

ರಿಂಗರ್ ಲ್ಯಾಕ್ಟೇಟ್ 500 ಮಿ.ಲೀ.ಯಂತೆ ಕೊಡುತ್ತ, ಪ್ರತಿ ಸಲವೂ ಬಿಪಿ, ಉಸಿರಾಟ ನೋಡಿಕೊಳ್ಳುತ್ತ, ಮೊದಲ ಗಂಟೆಯೊಳಗೆ ಆ್ಯಂಟಿಬಯೋಟಿಕ್, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್. ಬಿಪಿ, ನಾಡಿಯ ನಂಬರ್ ಸುಧಾರಿಸಲಿ ಎಂದು ಬೆಳಗಿನವರೆಗೆ ಕಾಯುವುದು ತಪ್ಪು. ತೂತು ಮುಚ್ಚುವವರೆಗೆ ವಿಷ ಊರುತ್ತಲೇ ಇರುತ್ತದೆ.

ತೆರೆದಾಗ ಸಣ್ಣ ಕರುಳಿನ ಕೊನೆಯಲ್ಲಿ ಅರ್ಧ ಸೆಂ.ಮೀ. ತೂತು, ಸುತ್ತ ಕೀವು. ಮೂಲ ದೊಡ್ಡ ಕರುಳಲ್ಲ ಎಂಬುದಕ್ಕೆ 4, ಕೀವಿಗೆ 6. ಒಟ್ಟು 32. ಕರುಳು ಊದಿತ್ತು, ರಕ್ತದ ಪ್ರೋಟೀನ್ ಆಲ್ಬುಮಿನ್ 2.1ಕ್ಕೆ ಕುಸಿದಿತ್ತು, ಬಿಪಿ ಎತ್ತಿ ಹಿಡಿಯಲು ನಾರ್‌ಅಡ್ರಿನಲಿನ್ ಓಡುತ್ತಿತ್ತು. ಇಂಥಲ್ಲಿ ಹೊಲಿದು ಒಳಗೆ ಬಿಟ್ಟರೆ ಐದರಿಂದ ಏಳನೇ ದಿನದೊಳಗೆ ಹೊಲಿಗೆ ಸೋರುವ ಭಯವಿರುತ್ತದೆ. ಆ ಸೋರಿಕೆಯನ್ನು ಇಂಥ ದೇಹ ತಡೆದುಕೊಳ್ಳುವುದು ಕಷ್ಟ. ಹಾಗಾಗಿ ಇಲಿಯೋಸ್ಟಮಿ ಮಾಡಲಾಯಿತು, ಅಂದರೆ ಸಣ್ಣ ಕರುಳಿನ ಬಾಯನ್ನು (ಸ್ಟೋಮಾ) ಹೊಟ್ಟೆಯ ಮೇಲೆ ತಂದು ಚೀಲ ಹಾಕಲಾಯಿತು.

ಆಮೇಲೆ 32ಕ್ಕಿಂತ ಹೆಚ್ಚು ಮಾತಾಡಿದ್ದು ರಕ್ತದ ಲ್ಯಾಕ್ಟೇಟ್. ಅಂಗಾಂಗಗಳಿಗೆ ರಕ್ತ ಸಾಲದಿದ್ದರೆ ಅದು ಏರುತ್ತದೆ. ಸಂಜೆಯ ಹೊತ್ತಿಗೆ 5.1ರಿಂದ 2.3ಕ್ಕೆ ಇಳಿದಿತ್ತು, ಮೂತ್ರವೂ ಗಂಟೆಗೆ 40 ಮಿ.ಲೀ. ಮನೆಯವರಿಗೆ ಒಂಚೂರು ಭರವಸೆಯ ಮಾತು ಹೇಳಲು ಆಗ ಧೈರ್ಯ ಬಂತು.

ಒಂಬತ್ತನೇ ದಿನ ಕ್ರಿಯಾಟಿನಿನ್ ಮತ್ತೆ ಏರಿತು. ಸ್ಟೋಮಾ ಚೀಲ ಅಳೆದರೆ ದಿನಕ್ಕೆ 1800 ಮಿ.ಲೀ. ಬರುತ್ತಿತ್ತು. ದೇಹದ ನೀರು, ಸೋಡಿಯಂ ಅಲ್ಲೇ ಹೋಗುತ್ತಿತ್ತು. ಬರೀ ನೀರು ಕಡಿಮೆ ಮಾಡಿಸಿ, ಓಆರ್‌ಎಸ್, ಕರುಳಿನ ಓಟ ನಿಧಾನಿಸುವ ಲೋಪೆರಮೈಡ್ ಶುರುಮಾಡಿ, ಡ್ರಿಪ್ ಮುಂದುವರಿಸಿದ ಮೇಲೆ ಸರಿಹೋಯಿತು. ಈ ನಷ್ಟಕ್ಕೆ ಮ್ಯಾನ್‌ಹೈಮ್ ಸೂಚ್ಯಂಕದಲ್ಲಿ ಅಂಕವಿಲ್ಲ. ಮನೆಗೆ ಕಳಿಸುವಾಗ ಚೀಲ ಅಳೆದು ಬರೆಯುವುದನ್ನು ಹೆಂಡತಿಗೆ ಕಲಿಸಿ, 1500 ದಾಟಿದರೆ ಅವತ್ತೇ ಬರಬೇಕೆಂದು ಚೀಟಿಯಲ್ಲಿ ಬರೆದುಕೊಡಲಾಯಿತು.