ಹಂದಿ ಮಗುಚಿದ ಮಣ್ಣಲ್ಲಿ ಗದ್ದೆಗೊರವ

ಕಳೆದ ಅಕ್ಟೋಬರ್‌ನಲ್ಲಿ ತುಮಕೂರಿನ ದೇವರಾಯನದುರ್ಗದ ಕಡೆ ಇರುವ ಮಾವನ ಹೊಲಕ್ಕೆ ಕಾಡುಹಂದಿ ನುಗ್ಗದ ಹಾಗೆ ಕಾಯೋಕೆ ಹೋಗಿದ್ದೆ. ಕಡಲೆಕಾಯಿ ಕೀಳೋಕೆ ಇನ್ನೊಂದು ವಾರ ಇತ್ತು. ಮಾವ ತಗಡಿನ ಡಬ್ಬ ಬಡೀತಿದ್ದರು. ನನ್ನ ಕೈಲಿ ಟಾರ್ಚ್. ನಡುರಾತ್ರಿವರೆಗೂ ಏನೂ ಬರಲಿಲ್ಲ. ಆಮೇಲೆ ಇಬ್ಬರಿಗೂ ಸ್ವಲ್ಪ ಕಣ್ಣು ಹತ್ತಿತು, ಅಷ್ಟೇ. ಎದ್ದು ನೋಡಿದರೆ ಕೆರೆ ಕಡೆಯ ಆರು ಸಾಲು ನೇಗಿಲು ಹೊಡೆದ ಹಾಗೆ ಮಗುಚಿ ಬಿದ್ದಿತ್ತು. ಬುಡದಲ್ಲಿ ಬರೀ ಸಿಪ್ಪೆ. ಮಾವ ಒಂದು ಗಿಡ ಎತ್ತಿ ನೋಡಿದರು, ಮತ್ತೆ ಅಲ್ಲೇ ಇಟ್ಟರು. ಮಾತಾಡಲಿಲ್ಲ.

ಬೆಳಕು ಹರಿದ ಮೇಲೆ ಹೆಜ್ಜೆ ಹಿಡಿದು ಕೆರೆಗೆ ಇಳಿದೆವು. ಅಂಚಿನ ಕೆಸರಲ್ಲಿ ಹಂದಿಗಳು ಹೊರಳಾಡಿದ್ದವು. ಒರಟು ಕೂದಲಿನ ಗೆರೆ ಕೂಡ ಕೆಸರಲ್ಲಿ ಮೂಡಿತ್ತು. ಪಕ್ಕದಲ್ಲೇ ಮೂತಿಯಿಂದ ಕೆದಕಿದ ಮಣ್ಣು. ಅದರ ಮೇಲೆ ಒಂದು ಗದ್ದೆಗೊರವ ಹಕ್ಕಿ! ಕಂದು ಬೆನ್ನಿನ ತುಂಬ ಬಿಳಿ ಚುಕ್ಕಿ, ಕಣ್ಣಿನ ಮೇಲೆ ಬಿಳಿ ಹುಬ್ಬು. ನೀರು ನಿಂತಿದ್ದ ಒಂದು ಗೊರಸಿನ ಗುರುತಿಗೆ ಕೊಕ್ಕು ಇಳಿಸಿ ಏನೋ ಹುಳ ಎತ್ತಿಕೊಂಡಿತು. ಹಂದಿಯೂ ಅದೇ ಕೆಸರಲ್ಲಿ ಹುಳ, ಗೆಡ್ಡೆ ಹುಡುಕಿತ್ತಲ್ವಾ.

"ಎಲ್ಲಿಂದ ಬರುತ್ತಮ್ಮ ಇದು?" ಮಾವ ಕೇಳಿದರು.

ಸೈಬೀರಿಯಾ, ಯುರೋಪಿನ ಉತ್ತರದ ಜೌಗು ನೆಲ, ಅಲ್ಲಿ ಮರಿ ಮಾಡುತ್ತೆ ಅಂದೆ. ಚಳಿಗಾಲ ಕಳೆಯೋಕೆ ಇಲ್ಲಿಗೆ ಬರುತ್ತೆ, ಬೇಸಿಗೆಯಲ್ಲಿ ವಾಪಸ್. ತೂಕ 60-70 ಗ್ರಾಂ.

"ಒಂದು ಹಿಡಿ ಕಡಲೆಕಾಯಿ" ಅಂದರು ಮಾವ. ಅಂಗೈ ತೆರೆದು ನೋಡಿಕೊಂಡರು.

ಬಲಿತ ಗಂಡು ಹಂದಿ 100 ಕಿಲೋ ದಾಟುತ್ತೆ. ಅದು ಎಲ್ಲಿಗೂ ವಲಸೆ ಹೋಗಲ್ಲ. ಇದೇ ಗುಡ್ಡದ ಪೊದೆಯಲ್ಲಿ ಗೆರೆ ಗೆರೆ ಮೈಯ ಮರಿ ಹಾಕುತ್ತೆ, ರಾತ್ರಿ ಇಳಿದು ಬರುತ್ತೆ. ಗೊರವಗಳ ವಲಸೆಯೂ ಜಾಸ್ತಿ ರಾತ್ರಿ ಹೊತ್ತೇ. ನಾವು ಡಬ್ಬ ಬಡೀತಾ ಕೂತಿದ್ದಾಗ ತಲೆ ಮೇಲೆ ಎಷ್ಟು ಹಾದು ಹೋದವೋ.

ದೂರದಿಂದ ಬಂದಿದ್ದು ನೆಂಟ, ಇಲ್ಲೇ ಇರೋದು ಕಳ್ಳ ಅನ್ನೋದು ನನಗೆ ಸರಿ ಕಾಣಲ್ಲ. ಆದರೆ ಆರು ಸಾಲು ಕಳೆದುಕೊಂಡವರ ಎದುರು ಅದನ್ನ ಹೇಗೆ ಹೇಳಲಿ? ಸುಮ್ನೆ ನಿಂತಿದ್ದೆ. ಮಾವ ಒಂದು ಹೆಜ್ಜೆ ಮುಂದಿಟ್ಟರು. ಹಕ್ಕಿ ಚಿಫ್-ಚಿಫ್-ಚಿಫ್ ಅಂತ ಕೂಗಿ ಹಾರಿತು. ಕೆರೆ ಅಂಚಲ್ಲೇ ಅರ್ಧ ಸುತ್ತು ಹೊಡೆದು ಮತ್ತೆ ಹಂದಿ ಕೆದಕಿದ್ದ ಜಾಗದಲ್ಲೇ ಇಳಿಯಿತು.

ಅವತ್ತು ಮಧ್ಯಾಹ್ನವೇ ಉಳಿದ ಸಾಲು ಕೀಳೋಕೆ ಶುರು ಮಾಡಿದೆವು. ಕಾಯಿ ಇನ್ನೂ ಪೂರ್ತಿ ಬಲಿತಿರಲಿಲ್ಲ.